ಇನ್ನೊಂದು ಕಡ್ಡಿ ಇತ್ತಲ್ಲೋ

ರೋಣದ ಬಸ್ ಸ್ಟ್ಯಾಂಡಿನಲ್ಲಿ ನಿಂತು ಕೊಟ್ರೇಶ ಯಾರು ಅಂತ ಕೇಳಿ, ಯಾರಿಗೂ ಗೊತ್ತಿರುವುದಿಲ್ಲ. ಚಾರ್ಜರ್ ಕೊಟ್ರ್ಯಾ ಅನ್ನಿ. ಕಬ್ಬಿನ ಹಾಲಿನವನಿಂದ ಹಿಡಿದು ಬಸ್ಸಿನ ಕಂಟ್ರೋಲರ್ ತನಕ ಎಲ್ಲರೂ ಮೊದಲು ನಗುತ್ತಾರೆ, ಆಮೇಲೆ ಕೈ ಮಾಡಿ ತೋರಿಸುತ್ತಾರೆ. ಒಂದೂವರೆ ವರ್ಷ ಆ ನಗುವಿನಿಂದಲೇ ಉಂಡಿದ್ದೇನೆ. ಅದರ ಬಗ್ಗೆ ಕೆಟ್ಟದ್ದು ಆಡಲು ನನಗೆ ಬಾಯಿಲ್ಲ. ಆದರೂ ಆಡುತ್ತೇನೆ.

ನನ್ನೂರು ಸವಡಿ. ಅಲ್ಲಿಂದ ರೋಣಕ್ಕೆ ಟಂಟಂ ಆಟೋ ಓಡಿಸುತ್ತಿದ್ದೆ. ಮನೆಯಲ್ಲಿ ಅವ್ವ ಮತ್ತು ನಾನು, ಇಬ್ಬರೇ. ನಾನು ಮೂರನೇ ಇಯತ್ತೆಯಲ್ಲಿದ್ದಾಗಲೇ ಅಪ್ಪ ತೀರಿಕೊಂಡಿದ್ದ. ಅವ್ವನ ಹೆಸರು ಸಿದ್ದಲಿಂಗವ್ವ. ಸುತ್ತಲಿನ ಹಳ್ಳಿಗಳಲ್ಲಿ ಅವಳೂ ಹೆಸರಾದವಳೇ, ನನಗಿಂತ ಮೂವತ್ತು ವರ್ಷ ಮೊದಲು. ಯಾರ ಮನೆಯಲ್ಲಿ ಸಾವಾದರೂ ಅವಳಿಗೆ ಕರೆ ಬರುತ್ತಿತ್ತು. ನಮ್ಮ ಕಡೆ ಹೆಂಗಸರು ಹೆಣದ ಮುಂದೆ ಕೂತು, ಸತ್ತವರ ಗುಣ ಎತ್ತಿ ಹಾಡಿಕೊಂಡು ಅಳುತ್ತಾರೆ. ಎಲ್ಲರೂ ಅಳುತ್ತಾರೆ ಬಿಡಿ, ಆದರೆ ಅವ್ವ ಅತ್ತರೆ ಕಟ್ಟೆಯ ಮೇಲೆ ಎಲೆಅಡಿಕೆ ಹಾಕುತ್ತ ಕೂತ ಗಂಡಸರೂ ಟವೆಲ್ಲಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. “ತಡೀರಿ, ಸಿದ್ದಲಿಂಗವ್ವ ಬರ್ಲಿ, ಆಕಿ ಬಂದ್ರ ಅಳಸ್ತಾಳ” ಎಂದು ಹೆಣ ಎತ್ತುವುದನ್ನೇ ನಿಲ್ಲಿಸಿ ಕಾಯುತ್ತಿದ್ದರು.

ಅವಳದೊಂದು ಪದ್ಧತಿ ಇತ್ತು. ಸತ್ತವರ ಮನೆಗೆ ಹೋದವಳು ನೇರ ಹೆಣದ ಮುಂದೆ ಕೂಡುತ್ತಿರಲಿಲ್ಲ. ಮೊದಲು ಅಡುಗೆಮನೆಗೆ ಹೋಗಿ ಮನೆಯ ಹೆಂಗಸರನ್ನು ಸಣ್ಣ ದನಿಯಲ್ಲಿ ಎರಡು ಮಾತು ಕೇಳುತ್ತಿದ್ದಳು. “ಉಣ್ಣಾಕ ಏನ ಭಾಳ ಸೇರ್ತಿತ್ತು? ಕಡೀಗೆ ಏನ ಅಂದ್ರು?” ಆ ಎರಡು ಉತ್ತರ ಸಿಕ್ಕರೆ ಮುಗಿಯಿತು, ಒಂದು ತಾಸು ಅಳುತ್ತಿದ್ದಳು. ದುಡ್ಡು ಮಾತ್ರ ಮುಟ್ಟುತ್ತಿರಲಿಲ್ಲ. ಒಬ್ಬ ಅಡತಿ ಸಾಹುಕಾರರು ತಮ್ಮ ತಂದೆಯ ಮಣ್ಣಾದ ಮೇಲೆ ಐನೂರರ ನೋಟು ಹಿಡಿದು ಬಂದರೆ ಕೈ ಹಿಂದೆ ಕಟ್ಟಿಕೊಂಡು ನಿಂತಳಂತೆ. “ಇದು ಮುಯ್ಯಿರಿ ಸಾವ್ಕಾರ್ರ. ನಾ ಹ್ವಾದಾಗ ನನಗೂ ಯಾರರ ಹಿಂಗ ಅತ್ರ, ಮುಟ್ಟಿತು.” ಮದುವೆಯಲ್ಲಿ ಮುಯ್ಯಿ ಮಾಡಿದವರಿಗೆ ತಿರುಗಿ ಮುಯ್ಯಿ ಬರುತ್ತದಲ್ಲ, ಅಳುವಿಗೂ ಹಾಗೇ ಬರುತ್ತದೆ ಎಂದು ಅವಳ ಲೆಕ್ಕ. ತನಗಾಗಿ ಅವಳು ಬಯಸಿದ್ದು ಅದೊಂದೇ, ಹೋಗುವಾಗ ಒಂದು ಚಲೋ ಅಳು.

ಎರಡು ಸಾವಿರದ ಎಂಟರ ಸಂಕ್ರಾಂತಿ ಮುಗಿದ ವಾರ ನಾನೊಂದು ಚೈನಾ ಮೊಬೈಲ್ ಕೊಂಡೆ. ವಿಡಿಯೋ ತೆಗೆಯುತ್ತಿತ್ತು, ಸೌಂಡು ಓಣಿಗೆಲ್ಲ ಕೇಳುತ್ತಿತ್ತು. ಹಳೇ ಮೊಬೈಲಿನ ಬ್ಯಾಟರಿ ಸತ್ತಿತ್ತು. ಅವ್ವ ಯಾರದೋ ಮಣ್ಣಿಗೆ ಹೋಗಿದ್ದಳು. ಮಾಡಲು ಕೆಲಸ ಇರಲಿಲ್ಲ. ಹಳೇ ಮೊಬೈಲನ್ನು ಮೊರದಲ್ಲಿಟ್ಟು, ಮೇಲೆ ನಾಲ್ಕು ಚೆಂಡು ಹೂ ಹಾಕಿ, ಅವ್ವನ ಸೀರೆ ಉಟ್ಟು ತಲೆತುಂಬ ಸೆರಗು ಹೊದ್ದೆ. ಹೊಸ ಮೊಬೈಲನ್ನು ತಂಬಿಗೆಗೆ ಆನಿಸಿ ಚಾಲೂ ಮಾಡಿ, ಮೊರದ ಮುಂದೆ ಕೂತು ಎದೆ ಬಡಿದುಕೊಂಡೆ.

“ಹೋದ್ಯಾ ನನ್ನಪ್ಪಾ, ನನ್ನ ಬಿಟ್ಟ ಹೋದ್ಯಾ! ನಾಕ ಕಡ್ಡಿ ಇದ್ದಾಂವ ಎರಡಕ್ಕ ಇಳದ್ಯೋ, ಎರಡ ಇದ್ದಾಂವ ಒಂದಕ್ಕ ಇಳದ್ಯೋ! ಇನ್ನೊಂದು ಕಡ್ಡಿ ಇತ್ತಲ್ಲೋ ನನ್ನಪ್ಪಾ! ಮಿಸ್ ಕಾಲ್ ಕೊಟ್ಟಾಂವ ಹಾದಿ ನೋಡಾಕತ್ತಾನಲ್ಲೋ! ಚಾರ್ಜರ್ ಹಿಡಕೊಂಡ ಎಲ್ಲಿ ಹೋಗ್ಲೋ!”

ಬ್ಯಾಟರಿ ಎಷ್ಟಿದೆ ಎಂದು ಮೊಬೈಲಿನ ಮೂಲೆಯಲ್ಲಿ ತೋರಿಸುವ ಗೀಟಿಗೆ ನಮ್ಮಲ್ಲಿ ಕಡ್ಡಿ ಅನ್ನುತ್ತಾರೆ. ಮಾತು ನನ್ನದು, ಧಾಟಿ ಅವ್ವನದು. ಎಲ್ಲಿ ದನಿ ಏರಬೇಕು, ಎಲ್ಲಿ ಉಸಿರು ಸಿಗದ ಹಾಗೆ ನಿಲ್ಲಬೇಕು, ಎಲ್ಲಿ ಸೆರಗಿನಿಂದ ಮೂಗೊರೆಸಬೇಕು, ಎಲ್ಲ ಅವಳದೇ. ಸಣ್ಣವನಿದ್ದಾಗ ಮನೆಯಲ್ಲಿ ಬಿಟ್ಟುಹೋಗಲು ಯಾರೂ ಇಲ್ಲದೆ ಅವಳು ನನ್ನನ್ನೂ ಸಾವಿನ ಮನೆಗಳಿಗೆ ಕರೆದೊಯ್ಯುತ್ತಿದ್ದಳು. ಅವಳ ಬೆನ್ನಿಗೆ ಆತುಕೊಂಡು ಕೇಳಿ ಕೇಳಿ ಕಲಿತದ್ದು.

ಗಜೇಂದ್ರಗಡದಲ್ಲಿ ಅಲ್ತಮಶನ ಮೊಬೈಲ್ ಅಂಗಡಿ ಇದೆ. ಅಲ್ಲೇ ಎರಡು ಕಂಪ್ಯೂಟರ್ ಇಟ್ಟು ಇಂಟರ್ನೆಟ್ಟೂ ನಡೆಸುತ್ತಾನೆ. ಮೂವತ್ತು ರೂಪಾಯಿ ಕೊಟ್ಟರೆ ಮೆಮೊರಿ ಕಾರ್ಡಿಗೆ ಹಾಡು ತುಂಬಿ ಕೊಡುತ್ತಾನೆ. ಹಾಡು ತುಂಬಿಸಲು ನಾನು ಕೊಟ್ಟ ಕಾರ್ಡಿನಲ್ಲಿ ಆ ವಿಡಿಯೋ ನೋಡಿ ಅವನು ಕುರ್ಚಿಯಿಂದ ಕೆಳಗೆ ಇಳಿದು ನಕ್ಕ. ಅಂದಿನಿಂದ ಅವನ ಅಂಗಡಿಯಲ್ಲಿ ಕಾರ್ಡು ತುಂಬಿಸಿದವರಿಗೆಲ್ಲ ಹಾಡಿನ ಜೊತೆ ನಾನು ಪುಕ್ಕಟೆ. ಇಂಟರ್ನೆಟ್ಟಿಗೂ ಏರಿಸಿದ. ಗೋವಾದಲ್ಲಿ ರಸ್ತೆ ಕೆಲಸಕ್ಕೆ ಹೋದವರು ನೋಡಿದರು, ದುಬೈನಲ್ಲಿ ಇದ್ದವರು ನೋಡಿದರು. ಅವರೆಲ್ಲ ಕೆಳಗೆ ಬರೆದದ್ದನ್ನು ಅಲ್ತಮಶ ಓದಿ ಹೇಳುತ್ತಿದ್ದ, ನಾನು ಚಹಾ ಕುಡಿಯುತ್ತ ಕೇಳುತ್ತಿದ್ದೆ. ಮೊದಮೊದಲು ಹೊಟ್ಟೆಯೊಳಗೆ ಏನೋ ಬೆಚ್ಚಗಾಗುತ್ತಿತ್ತು. ಆಮೇಲೆ ಬರೀ ಚಹಾ ಬೆಚ್ಚಗಿರುತ್ತಿತ್ತು.

ಗ್ಯಾಸ್ ಸಿಲಿಂಡರ್ ಮುಂದೆ ಅತ್ತೆ, ಪಂಕ್ಚರ್ ಆದ ಟೈರಿನ ಮುಂದೆ ಅತ್ತೆ, ಹೋದ ಕರೆಂಟಿಗೆ ಅತ್ತೆ. ಗದಗಿನಿಂದ ಒಬ್ಬ ಸೀಡಿ ವ್ಯಾಪಾರಿ ಬಂದು ಹತ್ತು ಐಟಂ ಮಾಡಿಸಿಕೊಂಡು ಇಪ್ಪತ್ತು ಸಾವಿರ ಕೊಟ್ಟ. ನರಗುಂದದ ಕಾಲೇಜಿನ ಗ್ಯಾದರಿಂಗಿಗೆ ಕರೆದರು. ಸ್ಟೇಜ್ ಹತ್ತುವ ಮೊದಲೇ ಹುಡುಗರು “ಕಡ್ಡಿ! ಕಡ್ಡಿ!” ಎಂದು ಕುರ್ಚಿ ಬಡಿಯತೊಡಗಿದರು. ಬೇರೆ ಏನು ಮಾಡಿದರೂ ಬೇಡ, ಅದೇ ಬೇಕು. ಟಂಟಂ ಮಾರಿಬಿಟ್ಟೆ. ಸೀರೆಯುಟ್ಟು ಅಳುವವನ ಗಾಡಿ ಎಂದು ಹತ್ತಿದವರೆಲ್ಲ ಒಂದು ಸಲ ಅತ್ತು ತೋರಿಸು ಎನ್ನುತ್ತಿದ್ದರು, ಇಳಿಯುವಾಗ ಬಾಡಿಗೆ ಕೊಡಲು ಮರೆಯುತ್ತಿದ್ದರು.

ಬಂದ ದುಡ್ಡಿನಲ್ಲಿ ಅವ್ವನಿಗೆ ಗಜೇಂದ್ರಗಡದ ಮಗ್ಗದ ಸೀರೆ ತಂದೆ. ಅವಳು ಅಂಚು ಸವರಿ ನೋಡಿದಳು.

“ಎಷ್ಟ ಕೊಟ್ಟಿ?”

“ಎರಡೂವರಿ ಸಾವಿರ.”

“ಅಳೂ ರೊಕ್ಕನ?”

“ನಗೂ ರೊಕ್ಕಬೇ. ಮಂದಿ ನಕ್ಕು ಕೊಟ್ಟದ್ದು.”

ಅವಳು ಮಡಿಚಿ ಟ್ರಂಕಿನಲ್ಲಿಟ್ಟಳು. “ಕಡೀಗೆ ಉಡಸು” ಎಂದಳು. ಅದನ್ನು ಅವಳು ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ಚಲೋ ಇತ್ತು, ನಾನೂ ತಿರುಗಿ ಏನಾದರೂ ಅನ್ನಬಹುದಿತ್ತು.

ಆ ವರ್ಷದ ಕೊನೆಗೆ ಅಬ್ಬಿಗೇರಿಯಲ್ಲಿ ಅವಳ ಗೆಳತಿಯೊಬ್ಬಳು ತೀರಿಕೊಂಡಳು. ಅವ್ವ ಹೋದಳು, ಅಡುಗೆಮನೆಯಲ್ಲಿ ಎರಡು ಮಾತು ಕೇಳಿದಳು, ಬಂದು ಹೆಣದ ಮುಂದೆ ಕೂತು “ಹೋದ್ಯಾ ನನ್ನವ್ವಾ” ಎಂದು ದನಿ ತೆಗೆದಳು. ಹಿಂದಿನಿಂದ ಯಾರೋ ಕಿಸಕ್ಕೆಂದರು. ಅವಳು ಮುಂದುವರಿಸಿದಳು. ಸತ್ತವಳ ಸೊಸೆಯೇ ಬಾಯಿಗೆ ಸೆರಗು ಒತ್ತಿಕೊಂಡು ಹೊರಗೆ ಎದ್ದು ಹೋದಳು. ಅಳು ತಡೆಯಲಾರದೆ ಎದ್ದಳು ಎಂದು ಅವ್ವ ಮೊದಲು ತಿಳಿದಳಂತೆ. ಬಾಗಿಲ ಹೊರಗಿನಿಂದ “ಚಾರ್ಜರ್ ಕೊಟ್ರ್ಯಾನ ಅವ್ವ, ಚಾರ್ಜರ್ ಕೊಟ್ರ್ಯಾನ ಅವ್ವ” ಎಂದು ಕೇಳಿದ ಮೇಲೆ ಗೊತ್ತಾಯಿತಂತೆ. ಅಳುವನ್ನು ಅರ್ಧಕ್ಕೇ ಬಿಟ್ಟು ಎದ್ದು ಬಂದಳು. ಇದನ್ನೆಲ್ಲ ನನಗೆ ಹೇಳಿದವಳು ಜೊತೆಗೆ ಹೋಗಿದ್ದ ಮಾಬೂಬಿ ಚಿಗವ್ವ. ನಮ್ಮ ಪಕ್ಕದ ಮನೆಯವಳು, ಕೌದಿ ಹೊಲಿಯುತ್ತಾಳೆ, ಅವ್ವನ ಜೀವದ ಗೆಳತಿ.

ಆ ಸಂಜೆ ರೊಟ್ಟಿ ಬಡಿಯುತ್ತ ಅವ್ವ ಕೇಳಿದಳು. “ಅದನ್ನ ಅಳಸಾಕ ಬರ್ತೈತೇನೋ? ಪಾಟಿ ಮ್ಯಾಲಿನ ಅಕ್ಷರ ಅಳಸಿದಂಗ?”

“ಬರೂದಿಲ್ಲಬೇ” ಎಂದೆ.

ಸುಳ್ಳು. ಇಂಟರ್ನೆಟ್ಟಿನಿಂದಾದರೂ ಅಳಿಸಲು ಬರುತ್ತಿತ್ತು. ಆದರೆ ಮುಂದಿನ ವಾರ ಗದಗಿನವನು ಎರಡನೇ ಸೀಡಿಯ ಮಾತಿಗೆ ಬರುವವನಿದ್ದ. ಅವ್ವ ಮತ್ತೆ ಕೇಳಲಿಲ್ಲ. ಅಲ್ಲಿಂದಾಚೆ ಯಾರ ಮಣ್ಣಿಗೂ ಹೋಗಲಿಲ್ಲ, ಯಾರೂ ಕರೆಯಲೂ ಇಲ್ಲ.

ಮುಂದಿನ ವರ್ಷ ಶ್ರಾವಣದಲ್ಲಿ ಅವಳಿಗೆ ದಮ್ಮು ಜಾಸ್ತಿಯಾಯಿತು. ಗದಗಿನ ದವಾಖಾನೆಯಲ್ಲಿ ಎಂಟು ದಿನ ಇಟ್ಟುಕೊಂಡು, ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದರು. ಆಸ್ಪತ್ರೆಯ ಬಿಲ್ಲು ಕಟ್ಟಿದ್ದು ಅಳುವಿನ ರೊಕ್ಕವೋ ನಗುವಿನ ರೊಕ್ಕವೋ, ಆಗ ಅವಳು ಕೇಳಲಿಲ್ಲ. ಮನೆಗೆ ಬಂದ ಮೂರನೇ ದಿನ ಬೆಳಿಗ್ಗೆ ನನ್ನ ಕೈ ಹಿಡಿದಳು. ಮಾತು ಬಿಡಿಬಿಡಿಯಾಗಿ ಬರುತ್ತಿತ್ತು.

“ಕೊಟ್ರಾ... ಅಳಸೋ... ಅಳಸಿಬಿಡೋ.”

“ಅಳಸ್ತೀನಿಬೇ. ಇವತ್ತ ಅಳಸ್ತೀನಿ.”

ಮಾಬೂಬಿ ಚಿಗವ್ವನನ್ನು ಅವಳ ಹತ್ತಿರ ಕೂಡಿಸಿ, ಗೆಳೆಯನ ಗಾಡಿ ತೆಗೆದುಕೊಂಡು ಗಜೇಂದ್ರಗಡಕ್ಕೆ ಹೊಡೆದೆ. ಅಲ್ಲಿ ಕರೆಂಟಿರಲಿಲ್ಲ. ಎರಡು ತಾಸು ಅಲ್ತಮಶನ ಅಂಗಡಿಯ ಸ್ಟೂಲಿನ ಮೇಲೆ ಕೂತೆ. ಕಾರ್ಡು ತುಂಬಿಸಲು ಬಂದವರು ಗುರುತು ಹಿಡಿದು ಕೈ ಕುಲುಕಿದರು. ಕರೆಂಟ್ ಬಂತು. ಅಲ್ತಮಶ ಮುಖ ಸಣ್ಣದು ಮಾಡಿಕೊಂಡು ಕಂಪ್ಯೂಟರ್ ಮುಂದೆ ಕೂತ.

“ನಲವತ್ತ ಸಾವಿರ ಮಂದಿ ನೋಡ್ಯಾರ ಅಣ್ಣಾ. ಹೊಲದಾಗ ನಿಂತ ಪೀಕಿಗೆ ಬೆಂಕಿ ಹಚ್ಚಿದಂಗ ಆಗ್ತೈತಿ. ಮತ್ತ ಇಲ್ಲಿ ಅಳಸಿದ್ರೂ ಮಂದಿ ಕಿಸೇದಾಗ ಇರೂದನ್ನ ಹ್ಯಾಂಗ ಅಳಸ್ತಿ?”

“ನೀ ಅಳಸು.”

ಅವನು ಒತ್ತಿದ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನೋ ಬಂತು. “ಖರೇನ ಅಳಸೂದೇನು ಅಂತ ಕೇಳಾಕತ್ತೈತಿ” ಎಂದ. ಹೂಂ ಎಂದೆ. ಆಗಲೇ ನನ್ನ ಮೊಬೈಲ್ ಹೊಡೆದುಕೊಂಡಿತು. ನಮ್ಮ ಸೋದರಮಾವ ದ್ಯಾಮಪ್ಪ.

“ಅಕ್ಕ ಹೋದ್ಳೋ. ಲಗೂ ಬಾ.”

ಅಳು ಬರಲಿಲ್ಲ. ಏನೂ ಬರಲಿಲ್ಲ. ಅಲ್ತಮಶನಿಗೆ ಇಂಟರ್ನೆಟ್ಟಿನ ಹತ್ತು ರೂಪಾಯಿ ಕೊಡಲು ಕಿಸೆಗೆ ಕೈ ಹಾಕಿದ್ದು, ಅವನು ನನ್ನ ಕೈ ತಡೆದದ್ದು ನೆನಪಿದೆ.

ಮನೆಯಲ್ಲಿ ಅವ್ವನನ್ನು ಗೋಡೆಗೆ ಆನಿಸಿ ಕೂಡಿಸಿದ್ದರು. ಹಣೆ ತುಂಬ ವಿಭೂತಿ, ಮೈಮೇಲೆ ಆ ಎರಡೂವರೆ ಸಾವಿರದ ಸೀರೆ. ಅಂಗಳದಲ್ಲಿ ಕಾಲಿಡಲು ಜಾಗ ಇರಲಿಲ್ಲ. ಸೂಡಿ, ಅಬ್ಬಿಗೇರಿ, ರೋಣ, ಎಲ್ಲೆಲ್ಲಿಂದಲೋ ಬಂದಿದ್ದರು. ಅವರೆಲ್ಲ ಅವ್ವನಿಗಾಗಿ ಬಂದವರಲ್ಲ. ನಾನು ಬಾಗಿಲಿಗೆ ಬಂದಾಗ ಎಲ್ಲ ಕಣ್ಣೂ ನನ್ನ ಕಡೆ ತಿರುಗಿದವು, ಯಾವ ಕಣ್ಣಿನಲ್ಲೂ ದುಃಖ ಕಾಣಲಿಲ್ಲ, ಒಂದು ಥರದ ಆಸೆ ಕಂಡಿತು.

ಹೆಂಗಸರು ಸುಮ್ಮನೆ ಕೂತಿದ್ದರು. ಯಾರೂ ಅಳುತ್ತಿರಲಿಲ್ಲ. ಒಬ್ಬ ಮುದುಕಿ “ಹೋದ್ಯಾ ನನ್ನವ್ವಾ” ಎಂದು ಶುರು ಮಾಡಿ, ಅಂಗಳದ ಕಡೆ ನೋಡಿ, ಬಾಯಿ ಮುಚ್ಚಿಕೊಂಡಳು. ಆ ಮಾತು ಇನ್ನು ಯಾರಿಗೂ ಉಳಿದಿರಲಿಲ್ಲ. ನಾನದನ್ನು ಹತ್ತೂರಿಗೆ ಮಾರಿದ್ದೆ. ಮೂವತ್ತು ವರ್ಷ ಕಂಡಕಂಡವರಿಗೆ ಅತ್ತವಳ ಮುಂದೆ ಭಜನೆಯವರ ತಾಳವೊಂದೇ ಸದ್ದು ಮಾಡುತ್ತಿತ್ತು.

ಏನು ಮಾಡಬೇಕೋ ತಿಳಿಯದೆ ಅಡುಗೆಮನೆಗೆ ಹೋದೆ. ಮಾಬೂಬಿ ಚಿಗವ್ವ ಒಲೆಯ ಹತ್ತಿರ ಕೂತಿದ್ದಳು. ನನ್ನ ಬಾಯಿಂದ ಅವ್ವನ ಮಾತೇ ಬಂತು.

“ಕಡೀಗೆ ಏನ ಅಂದ್ಳು ಚಿಗವ್ವಾ?”

“ಕೊಟ್ರ್ಯಾ ಎಲ್ಲಿ ಹ್ವಾದ ಅಂದ್ಳು. ಮೊಬೈಲದಾಗಿಂದು ಅಳಸಾಕ ಹ್ವಾದ ಅಂತ ನಾ ಅಂದೆ. ತಲಿ ಅಲ್ಲಾಡಿಸಿದ್ಳು.” ಅವಳು ಮೂಗೊರೆಸಿಕೊಂಡಳು. “ಅದಲ್ಲ ಮಾಬೂಬಿ, ಅಂದ್ಳು. ನಾ ಹ್ವಾದ ಮ್ಯಾಲ ಮಂದೀನ ಅಳಸು ಅಂತ ಅಂವಗ ಹೇಳಿದ್ದೆ. ನನ್ನ ಧಾಟಿ ಅಂವಗಷ್ಟ ಬರ್ತೈತಿ, ಅಂದ್ಳು.”

ಒಲೆಯ ಮೇಲೆ ಚಹಾ ಕುದಿಯುತ್ತಿತ್ತು. ಅದನ್ನು ಇಳಿಸಿಟ್ಟೆ. ಅವಳು ಕೇಳಿದ್ದು ಒಂದೇ ಮಾತು. ನಾನು ಅದರ ತಪ್ಪು ಅರ್ಥ ಹಿಡಿದುಕೊಂಡು ನಲವತ್ತು ಕಿಲೋಮೀಟರ್ ಹೋಗಿ ಸ್ಟೂಲಿನ ಮೇಲೆ ಕೂತಿದ್ದೆ, ಇಲ್ಲಿ ಅವಳು ಹೋದಳು.

ಹೊರಗೆ ಬಂದು ಅವ್ವನ ಮುಂದೆ ಕೂತೆ. ಹೆಂಗಸರು ಸರಿದು ಜಾಗ ಕೊಟ್ಟರು. ಸೀರೆ ಇರಲಿಲ್ಲ, ಸೆರಗು ಇರಲಿಲ್ಲ, ಪ್ಯಾಂಟು ಶರ್ಟಿನಲ್ಲೇ ಇದ್ದೆ. ಕಣ್ಣಲ್ಲಿ ಒಂದು ಹನಿ ನೀರಿರಲಿಲ್ಲ. ದನಿ ತೆಗೆದೆ.

“ಹೋದ್ಯಾ ನನ್ನವ್ವಾ, ನನ್ನ ಬಿಟ್ಟ ಹೋದ್ಯಾ...”

ಅಂಗಳದಲ್ಲಿ ಮೊದಲು ಒಬ್ಬ ನಕ್ಕ, ಆಮೇಲೆ ನಾಲ್ಕು ಜನ. ಕೈಗಳು ಮೇಲೆ ಬಂದವು, ಕೈಗಳಲ್ಲಿ ಮೊಬೈಲು. ದ್ಯಾಮಪ್ಪ ಮಾವ ಯಾರನ್ನೋ ಬೈದ. ನಾನು ನಿಲ್ಲಿಸಲಿಲ್ಲ. ತಂಗಳ ರೊಟ್ಟಿ ತಾನು ತಿಂದು ಬಿಸಿ ರೊಟ್ಟಿ ನನಗೆ ಹಾಕಿದ್ದನ್ನು ಎತ್ತಿ ಅತ್ತೆ. ಮಂದಿಯ ಮಣ್ಣಿಗೆ ಬರಿಗಾಲಲ್ಲಿ ನಡೆದದ್ದನ್ನು ಎತ್ತಿ ಅತ್ತೆ. ದನಿ ತಾನಾಗಿಯೇ ಏರುತ್ತಿತ್ತು, ತಾನಾಗಿಯೇ ಮುರಿಯುತ್ತಿತ್ತು. ಒಳಗೆ ಮಾತ್ರ ಯಾರೂ ಇಲ್ಲದ ಮನೆಯ ಹಾಗಿತ್ತು. “ನಾ ಹೋಗುಮುಂದ ಉಸರ ಆಡತಿತ್ತಲ್ಲೇ ಯವ್ವಾ” ಎಂದೆ, ಮತ್ತು ಒಂದೂವರೆ ವರ್ಷ ಅದನ್ನೇ ಹೇಳಿದ ನಾಲಿಗೆ ನನ್ನನ್ನು ಕೇಳದೇ ಮುಂದಿನದನ್ನೂ ಹೇಳಿಬಿಟ್ಟಿತು.

“ಇನ್ನೊಂದು ಕಡ್ಡಿ ಇತ್ತಲ್ಲೇ ಯವ್ವಾ!”

ಅಂಗಳ ಹೋ ಎಂದು ನಕ್ಕಿತು. ನಾನು ಸೀರೆಯ ಅಂಚನ್ನು ನೋಡುತ್ತ ಮುಂದುವರಿಸಿದೆ. ಎಷ್ಟು ಹೊತ್ತೋ ಗೊತ್ತಿಲ್ಲ. ದ್ಯಾಮಪ್ಪ ಮಾವ ಭುಜ ಹಿಡಿದು ಎಬ್ಬಿಸಿದ. ಆಮೇಲೆ ಯಾರಾದರೂ ಅತ್ತರೋ ಇಲ್ಲವೋ ನಾನು ನೋಡಲಿಲ್ಲ. ನೋಡಲು ಧೈರ್ಯ ಇರಲಿಲ್ಲ. ಅವ್ವನ ಮುಯ್ಯಿ ಮುಟ್ಟಿತೋ ಇಲ್ಲವೋ ಎಂದು ಯಾರನ್ನು ಕೇಳುವುದು?

ಹದಿನೈದು ದಿನಕ್ಕೆ ಅಲ್ತಮಶ ಫೋನ್ ಮಾಡಿದ. ಯಾರೋ ಅದನ್ನೂ ಇಂಟರ್ನೆಟ್ಟಿಗೆ ಏರಿಸಿದ್ದರಂತೆ, ‘ಚಾರ್ಜರ್ ಕೊಟ್ರ್ಯಾ ಪಾರ್ಟ್ ಟೂ’ ಎಂದು. ಮೊದಲಿನದಕ್ಕಿಂತ ಜೋರು ಓಡುತ್ತಿದೆಯಂತೆ. “ಸಿಟ್ಟಾಗಬ್ಯಾಡ ಅಣ್ಣಾ, ನಾ ಏರಿಸಿಲ್ಲ, ಅಲ್ಲಾನಾಣೆ. ಗದಗಿನಾಂವ ಬಂದು ಕುಂತಾನ. ಸೀಡಿಗೆ ಹಾಕೋತೀನಿ, ಇಪ್ಪತ್ತೈದು ಸಾವಿರ ಕೊಡ್ತೀನಿ ಅಂತಾನ. ಬರ್ತಿಯೇನು?”

ಸಿಟ್ಟು ಬರಲಿಲ್ಲ. ಬರ್ತೀನಿ ಎಂದೆ. ಟಂಟಂ ಇರಲಿಲ್ಲ, ಬೇರೆ ಕೆಲಸ ಇರಲಿಲ್ಲ, ಮನೆಯಲ್ಲಿ ರೊಟ್ಟಿ ಬಡಿಯುವವಳು ಇರಲಿಲ್ಲ. ರೋಣಕ್ಕೆ ಬಂದು ಗಜೇಂದ್ರಗಡಕ್ಕೆ ಟಿಕೇಟು ತೆಗೆಸಿ ಬಸ್ಸಿನಲ್ಲಿ ಕೂತೆ. ಗಡ್ಡ ಬೆಳೆದಿತ್ತು, ಯಾರೂ ಗುರುತು ಹಿಡಿಯಲಿಲ್ಲ.

ಪಕ್ಕದಲ್ಲಿ ನಡುವಯಸ್ಸಿನ ಒಬ್ಬ ಮನುಷ್ಯ, ತೊಡೆಯ ಮೇಲೆ ಚೀಲ, ಹೆಗಲ ಮೇಲೆ ಟವೆಲ್ಲು. ಗೋವಾದಿಂದ ಊರಿಗೆ ಬಂದವನಂತೆ. ರೋಣದಲ್ಲೇ ಕಾರ್ಡು ತುಂಬಿಸಿಕೊಂಡಿದ್ದ. ಬಸ್ಸು ಊರು ದಾಟಿದ ಕೂಡಲೇ ಮೊಬೈಲ್ ಹಚ್ಚಿದ. “ಹೋದ್ಯಾ ನನ್ನವ್ವಾ” ಎಂದಿತು ನನ್ನ ದನಿ.

ಅವನು ನಕ್ಕ. ನನ್ನ ಕಡೆ ಮೊಬೈಲ್ ಹೊರಳಿಸಿ “ನೋಡ್ರಿ ಮಜಾ ಐತಿ, ನಮ್ಮ ಕಡಿ ಹುಡುಗ” ಎಂದ. ಕಡ್ಡಿಯ ಮಾತು ಬಂದಾಗ ತೊಡೆ ತಟ್ಟಿಕೊಂಡು ನಕ್ಕ. ಅದರೊಳಗಿನ ಅಂಗಳವೂ ನಕ್ಕಿತು. ವಿಡಿಯೋ ಅಲ್ಲಿಗೆ ಮುಗಿಯುತ್ತದೆ ಎಂದುಕೊಂಡಿದ್ದೆ. ಮುಗಿಯಲಿಲ್ಲ. ನನ್ನ ದನಿ ಮುಂದುವರಿಯಿತು. ನಗು ಕಡಿಮೆಯಾಯಿತು. ಆಮೇಲೆ ನನ್ನ ದನಿಯ ಕೆಳಗೆ ಇನ್ನೊಂದು ದನಿ ಕೇಳಿತು, ಅದು ಮಾಬೂಬಿ ಚಿಗವ್ವನದು. ಆಮೇಲೆ ಆ ಬಾಯಿ ಮುಚ್ಚಿಕೊಂಡ ಮುದುಕಿಯದು. ಆಮೇಲೆ ಒಂದೊಂದನ್ನೇ ಬೇರೆ ಮಾಡಿ ಹೇಳಲು ಬಾರದ ಹಾಗೆ ಹೆಂಗಸರೆಲ್ಲರದು, ನಾನು ಎತ್ತಿದ ಮಾತನ್ನು ಅವರು ಹಿಡಿದು, ಅವರು ಬಿಟ್ಟದ್ದನ್ನು ನಾನು ಹಿಡಿದು. ಅವತ್ತು ಅಲ್ಲೇ ಕೂತಿದ್ದ ನನಗೇ ಅದು ಕೇಳಿಸಿರಲಿಲ್ಲ.

ಪಕ್ಕದವನು ನಗುವುದನ್ನು ನಿಲ್ಲಿಸಿದ್ದ. ಟವೆಲ್ಲಿನಿಂದ ಕಣ್ಣೊರೆಸಿಕೊಂಡ.

“ನಮ್ಮವ್ವ ಸತ್ತಾಗ ನಾ ಗೋವಾದಾಗ ಇದ್ನ್ರಿ. ಮಣ್ಣಿಗೆ ಸಿಗಲಿಲ್ಲ” ಎಂದ. “ಕಾಮಿಡಿ ಅಂತ ತುಂಬಿಸ್ಕೊಂಡ್ರ ಇದು ಅಳಸ್ತೈತಲ್ರೀ ಮಾರಾಯ್ರ. ಬ್ಯಾಡ, ಬ್ಯಾಡ.” ಬೆರಳಿನಿಂದ ಎರಡು ಸಲ ಒತ್ತಿ ಅಳಿಸಿಬಿಟ್ಟ. ಬೇರೆ ಹಾಡು ಹಚ್ಚಿ, ಸೌಂಡು ಸಣ್ಣದು ಮಾಡಿ, “ನೀವು ಎಲ್ಲಿ ಇಳಿಯವ್ರಿ?” ಎಂದು ಕೇಳಿದ.

“ಸೂಡಿ” ಎಂದೆ.

ಟಿಕೇಟು ಗಜೇಂದ್ರಗಡದ್ದಿತ್ತು. ಸೂಡಿಯಲ್ಲಿ ಇಳಿದೆ. ಬಸ್ಸು ಹೋದ ಮೇಲೆ ರಸ್ತೆಯ ಬದಿಯ ಕಟ್ಟೆಯ ಮೇಲೆ ಕೂತೆ. ಅಲ್ತಮಶನ ಫೋನು ಎರಡು ಸಲ ಹೊಡೆದುಕೊಂಡು ನಿಂತಿತು. ಆಗ ಅಳು ಬಂತು. ಹಾಡಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ, ಸುಮ್ಮನೆ ಅತ್ತೆ.